ಹೊರನಾಡಿನ ಫಲಕದಲ್ಲಿ ಕನ್ನಡದ ದುಂಡಕ್ಷರ

(ಸಂಘದ ವಾರ್ಷಿಕೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಪಠ್ಯ)



ಇಂದಿನ ಗೋಷ್ಠಿಯಲ್ಲಿ ಮಾತನಾಡಲು ಕಾರ್ಯಕಾರಿ ಸಮಿತಿಯವರು ನನಗೆ ಕೊಟ್ಟ ವಿಷಯ 'ಹೊರನಾಡಿನಲ್ಲಿ ಕನ್ನಡದ ನಾಳೆ' ಎಂಬುದು. ಈ ವಿಷಯದ ಮೇಲೆ ಚೆನ್ನೈಯಲ್ಲಿ, ದೆಹಲಿಯಲ್ಲಿ, ಈಗ ಈ ಮುಂಬಯಿಯಲ್ಲಿ ನಾನು ಹಲವು ಭಾಷಣಗಳನ್ನು ಕೇಳಿದ್ದೇನೆ. ಎರಡು ಬಾರಿ ನಾನೇ ಮಾಡಿದ್ದೇನೆ. ಎರಡು ಬಾರಿಯೂ ಚಪ್ಪಾಳೆ ಬಿದ್ದಿತು, ಎರಡು ಬಾರಿಯೂ ಏನೂ ಆಗಲಿಲ್ಲ. ಆದುದರಿಂದ ಈ ಸಲ ಅಧ್ಯಕ್ಷರ ಅನುಮತಿ ಪಡೆದು ವಿಷಯವನ್ನು ಬಹಳ ಕಿರಿದು ಮಾಡಿಕೊಂಡಿದ್ದೇನೆ. ನಾನು ಮಾತನಾಡಹೊರಟಿರುವುದು ಅಕ್ಷರದ ಆಕಾರವನ್ನು ಕುರಿತು. ಅದರಲ್ಲಿಯೂ ಫಲಕ, ಬ್ಯಾನರು, ಭಿತ್ತಿಪತ್ರಗಳ ಮೇಲೆ ದೂರದಿಂದ ಓದುವುದಕ್ಕೆಂದು ಬರೆಯುವ ದಪ್ಪನೆಯ ದುಂಡಕ್ಷರವನ್ನು ಕುರಿತು.

ಅರ್ಥಶಾಸ್ತ್ರ ಓದಿ, ಮೂವತ್ತು ವರ್ಷ ಕೇಂದ್ರ ಸರ್ಕಾರದ ಕಡತಗಳ ನಡುವೆ ಕಳೆದವನಿಗೆ ಇದರಲ್ಲಿ ಯಾವ ಅಧಿಕಾರವಿದೆ ಎಂದು ತಾವು ಕೇಳಬಹುದು. ಅಧಿಕಾರವಿಲ್ಲ, ಒಂದು ತಪ್ಪು ಮಾಡಿದ ಅನುಭವ ಇದೆ. ಅಲ್ಲಿಂದಲೇ ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಸಂಘದ ವಿದ್ಯಾರ್ಥಿ ಧನಸಹಾಯ ಸಮಾರಂಭದ ಬ್ಯಾನರು ಮಾಡಿಸುವ ಹೊಣೆ ನನ್ನದಾಗಿತ್ತು. ಮುದ್ರಣದ ಅಂಗಡಿಯವರಿಗೆ ಕನ್ನಡ ಬಾರದು. ನಾನು ಟೈಪು ಮಾಡಿ ಕಳುಹಿಸಿದ್ದನ್ನು ಅವರು ಗಣಕಯಂತ್ರದಲ್ಲಿ ತೆರೆದರು. ಅಕ್ಷರ ತೆಳ್ಳಗಿದೆ, ದೂರಕ್ಕೆ ಕಾಣುವುದಿಲ್ಲ, ದಪ್ಪ ಮಾಡಿ ಎಂದು ನಾನೇ ಹೇಳಿದೆ. ಅವರು ಮಾಡಿದರು. ನಾನು ಮೊಬೈಲಿನ ಪುಟ್ಟ ಪರದೆಯಲ್ಲಿ ನೋಡಿ ಸಮ್ಮತಿ ಕೊಟ್ಟೆ. ಮರುದಿನ ಸಭಾಂಗಣದಲ್ಲಿ ಹದಿನೈದು ಅಡಿ ಉದ್ದದ ಬ್ಯಾನರು ಮೇಲೇರಿದಾಗ 'ಧ' ಎಂಬ ಅಕ್ಷರದ ಬುಡದಲ್ಲಿ ಇರಬೇಕಾದ ಸೀಳು ಬಣ್ಣದಲ್ಲಿ ಮುಳುಗಿಹೋಗಿತ್ತು. ವಿದ್ಯಾರ್ಥಿ ಧನಸಹಾಯವು ವಿದ್ಯಾರ್ಥಿ ದನಸಹಾಯವಾಗಿತ್ತು. ಮುಂದಿನ ಸಾಲಿನಲ್ಲಿದ್ದ ಹಿರಿಯ ದಾನಿಯೊಬ್ಬರು ನನ್ನನ್ನು ಹತ್ತಿರ ಕರೆದು, 'ಹುಡುಗರಿಗೆ ಒಂದೊಂದು ಹಸು ಕೊಡುತ್ತೀರೋ, ಎಮ್ಮೆಯೋ?' ಎಂದು ಮೆಲ್ಲಗೆ ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆದರೆ ಅಂದು ರಾತ್ರಿ ನನ್ನ ಮಗಳು ಕೇಳಿದ ಮಾತಿಗೆ ನಗು ಬರಲಿಲ್ಲ. ಅವಳು ಆಗತಾನೆ ನನ್ನಿಂದ ಕನ್ನಡ ಓದಲು ಕಲಿಯುತ್ತಿದ್ದಳು. 'ಅಪ್ಪ, ಸೀಳು ಇದ್ದರೂ ಇಲ್ಲದಿದ್ದರೂ ನಡೆಯುತ್ತದೆಯೇ? ನೀವು ಎರಡೂ ಬೇರೆ ಎಂದು ಕಲಿಸಿದ್ದಿರಿ' ಎಂದಳು. ಅವಳಿಗೆ ಆ ಬ್ಯಾನರೇ ಪ್ರಮಾಣ. ಇಡೀ ಸಂಘ ಎತ್ತಿ ಕಟ್ಟಿದ ಅಕ್ಷರ ತಪ್ಪಾಗಿರಲು ಸಾಧ್ಯವೇ?

ಆ ಪ್ರಶ್ನೆಯೇ ನನ್ನನ್ನು ಈ ವಿಷಯದ ಬೆನ್ನು ಹತ್ತುವಂತೆ ಮಾಡಿತು. ತಪ್ಪು ನಡೆದದ್ದು ಹೇಗೆ? ನಾವು ಪುಸ್ತಕದಲ್ಲಿ ಓದುವ ಅಕ್ಷರವೂ ಫಲಕದ ಮೇಲೆ ಓದುವ ಅಕ್ಷರವೂ ಒಂದೇ ಅಲ್ಲ. ಪುಸ್ತಕದ ಅಕ್ಷರ ಸಣ್ಣದಾಗಿ, ಸಾಲುಸಾಲಾಗಿ, ಕಣ್ಣಿಗೆ ಆಯಾಸವಾಗದಂತೆ ಇರಬೇಕು. ಫಲಕದ ಅಕ್ಷರ ಎರಡು ಮೂರು ಪದಗಳಲ್ಲಿ, ಓಡುವ ಬಸ್ಸಿನಿಂದ ನೋಡಿದವನಿಗೂ ಒಂದು ಕ್ಷಣದಲ್ಲಿ ತಿಳಿಯಬೇಕು. ಎರಡನೆಯದನ್ನು ಬೇರೆಯಾಗಿಯೇ ರಚಿಸಬೇಕಾಗುತ್ತದೆ. ಹಾಗೆ ರಚಿಸಿದ ಅಕ್ಷರ ಕೈಯಲ್ಲಿ ಇಲ್ಲದಾಗ ಅಂಗಡಿಯವನು ಮಾಡುವ ಉಪಾಯ ಸುಲಭ: ತೆಳು ಅಕ್ಷರದ ಸುತ್ತ ಗಣಕದಿಂದ ಒಂದು ದಪ್ಪ ಗೆರೆ ಎಳೆಸುತ್ತಾನೆ. ಗೆರೆ ಹೊರಕ್ಕೂ ಬೆಳೆಯುತ್ತದೆ, ಒಳಕ್ಕೂ ಬೆಳೆಯುತ್ತದೆ. ಒಳಗಿನ ಬಯಲುಗಳು ಮುಚ್ಚುತ್ತವೆ. ಅಕ್ಷರ ದಪ್ಪವಾಯಿತೆಂದು ನಮಗೆ ತೋರುತ್ತದೆ. ನಿಜವಾಗಿ ಅದು ಊದಿಕೊಂಡಿರುತ್ತದೆ.

ದಪ್ಪನೆಯ ದುಂಡಕ್ಷರವನ್ನು ಶಾಸ್ತ್ರೀಯವಾಗಿ ಚಿಂತಿಸಿದವರಲ್ಲಿ ಜರ್ಮನಿಯವರು ಪ್ರಮುಖರು. 1925ರಲ್ಲಿ ವೈಮಾರಿನಿಂದ ಡೆಸೌ ನಗರಕ್ಕೆ ಬಂದ ಬೌಹೌಸ್ ಎಂಬ ಕಲಾಶಾಲೆಯಲ್ಲಿ ಹರ್ಬರ್ಟ್ ಬಾಯರ್ ಎಂಬ ಕಲಾವಿದರು ರೋಮನ್ ಲಿಪಿಯನ್ನು ವೃತ್ತ ಮತ್ತು ಸರಳರೇಖೆಗಳಿಂದ ಮಾತ್ರ ಕಟ್ಟಿ ತೋರಿಸಿದರು. ಒಂದು ಧ್ವನಿಗೆ ದೊಡ್ಡಕ್ಷರ, ಚಿಕ್ಕಕ್ಷರ ಎಂದು ಎರಡು ಗುರುತು ಏಕೆ ಬೇಕು ಎಂದು ಕೇಳಿ ದೊಡ್ಡಕ್ಷರಗಳನ್ನೇ ಕೈಬಿಟ್ಟರು. ಈ ತೊಡಕು ನಮ್ಮ ಲಿಪಿಯಲ್ಲಿ ಮೊದಲಿನಿಂದಲೂ ಇಲ್ಲವೆಂಬುದನ್ನು ಸಂತೋಷದಿಂದ ನೆನೆಯಬಹುದು. ಬಾಯರ್ ಅವರ ಅಕ್ಷರ ಆಗ ಅಚ್ಚುಮೊಳೆಯಾಗಿ ಎರಕಗೊಳ್ಳಲಿಲ್ಲ. ಆದರೆ ಅದರ ವಿಚಾರ ಉಳಿಯಿತು. ಎರಡು ವರ್ಷಗಳ ಬಳಿಕ, 1927ರಲ್ಲಿ, ಪೌಲ್ ರೆನ್ನರ್ ಅವರ 'ಫುಟೂರಾ' ಎಂಬ ಅಕ್ಷರಶೈಲಿಯನ್ನು ಫ್ರಾಂಕ್‌ಫರ್ಟಿನ ಬಾವರ್ ಎರಕಶಾಲೆ ಹೊರತಂದಿತು. ಅದು ಇಂದಿಗೂ ಲೋಕದ ಎಲ್ಲೆಡೆ ಫಲಕಗಳ ಮೇಲೆ ಕಾಣಿಸುತ್ತದೆ.

ರೆನ್ನರ್ ಅವರಿಂದ ನಾವು ಕಲಿಯಬೇಕಾದ ಪಾಠವೊಂದಿದೆ. ಫುಟೂರಾದ ಅಕ್ಷರಗಳು ಕೈವಾರ ಹಿಡಿದು ಎಳೆದಂತೆ ತೋರುತ್ತವೆ; ಆದರೆ ಕೈವಾರದ ಅಕ್ಷರಗಳಲ್ಲ. ಒಂದೇ ದಪ್ಪದ ಅಡ್ಡಗೆರೆ ಮತ್ತು ಉದ್ದಗೆರೆಗಳನ್ನು ಪಕ್ಕದಲ್ಲಿ ಇಟ್ಟರೆ ಅಡ್ಡಗೆರೆ ಹೆಚ್ಚು ದಪ್ಪವಾಗಿ ಕಾಣುತ್ತದೆ. ಒಂದೇ ಎತ್ತರದ ಚೌಕ ಮತ್ತು ವೃತ್ತಗಳಲ್ಲಿ ವೃತ್ತ ಕಿರಿದಾಗಿ ಕಾಣುತ್ತದೆ. ಎರಡು ದಪ್ಪ ಗೆರೆಗಳು ಕೂಡುವಲ್ಲಿ ಕಪ್ಪು ಗಂಟು ಕಟ್ಟಿದಂತಾಗುತ್ತದೆ. ಆದುದರಿಂದ ಬಲ್ಲ ರಚನಕಾರನು ಅಡ್ಡಗೆರೆಯನ್ನು ತುಸು ಸಣ್ಣ ಮಾಡುತ್ತಾನೆ, ವೃತ್ತವನ್ನು ಸಾಲಿನಿಂದ ಕೂದಲೆಳೆಯಷ್ಟು ಹೊರಚಾಚುತ್ತಾನೆ, ಕೂಡುವಲ್ಲಿ ಗೆರೆಯನ್ನು ತೆಳ್ಳಗಾಗಿಸುತ್ತಾನೆ. ಅಂದರೆ ಕಣ್ಣಿಗೆ ಸರಿಯೆನಿಸಬೇಕಾದರೆ ಗಣಿತದಿಂದ ಸ್ವಲ್ಪ ಸರಿಯಬೇಕು. ಗಣಕಯಂತ್ರ ಎಳೆದ ದಪ್ಪ ಗೆರೆಗೆ ಈ ವಿವೇಕವಿಲ್ಲ.

ಇದೇ ಪರಂಪರೆಯಲ್ಲಿ ಗೆರೆಗಳ ತುದಿಗಳನ್ನೂ ದುಂಡಾಗಿಸಿದ ಅಕ್ಷರಗಳು ಬಂದವು. ಅವುಗಳಲ್ಲಿ ಪ್ರಸಿದ್ಧವಾದದ್ದು 1979ರಲ್ಲಿ ಫೋಕ್ಸ್‌ವ್ಯಾಗನ್ ಮೋಟಾರು ಕಂಪನಿಗಾಗಿ ಸಿದ್ಧವಾದ 'ವ್ಯಾಗ್ ರೌಂಡೆಡ್'. ಆ್ಯಪಲ್ ಕಂಪನಿಯ ಲ್ಯಾಪ್‌ಟಾಪುಗಳ ಕೀಲಿಗಳ ಮೇಲೆ ಅನೇಕ ವರ್ಷ ಇದ್ದದ್ದು ಅದೇ. ಚೂಪಾದ ಅಂಚಿಲ್ಲದ ದಪ್ಪ ಅಕ್ಷರ ಸ್ನೇಹಭಾವವನ್ನು ಸೂಚಿಸುತ್ತದೆ. ಮಕ್ಕಳು ದಪ್ಪ ಪೆನ್ನಿನಿಂದ ಬರೆದಾಗ ಬರುವ ಗೆರೆಯ ತುದಿಯೂ ಹಾಗೆಯೇ ದುಂಡಗಿರುತ್ತದೆ. ಮಕ್ಕಳ ಸಾಮಗ್ರಿ, ತಿಂಡಿ ತಿನಿಸು, ಶಾಲೆಗಳ ಜಾಹೀರಾತುಗಳಲ್ಲಿ ಇಂತಹ ಅಕ್ಷರ ಹೆಚ್ಚಾಗಿ ಕಾಣುವುದಕ್ಕೆ ಇದು ಕಾರಣವಿರಬೇಕು.

ಇನ್ನು ನಮ್ಮ ಲಿಪಿಗೆ ಬರೋಣ. ಕನ್ನಡದ ಅಕ್ಷರ ಹೇಗೂ ದುಂಡಗಿದೆಯಲ್ಲ, ಅದನ್ನು ದಪ್ಪ ದುಂಡಕ್ಷರವಾಗಿಸುವುದು ಸುಲಭವಲ್ಲವೇ ಎಂದು ನಾನೂ ಭಾವಿಸಿದ್ದೆ. ವಿಷಯ ಅದಕ್ಕೆ ವಿರುದ್ಧವಾಗಿದೆ. ತಾಳೆಗರಿಯ ಮೇಲೆ ಕಂಟದಿಂದ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಆದುದರಿಂದ ದಕ್ಷಿಣದ ಲಿಪಿಗಳು ದುಂಡಾದವು ಎಂದು ಹೇಳುವುದುಂಟು. ಕಾರಣ ಏನೇ ಇರಲಿ, ನಮ್ಮ ದುಂಡು ಕೈವಾರದ ದುಂಡಲ್ಲ, ಕೈಯ ದುಂಡು. 'ಅ' ಎಂಬ ಒಂದು ಅಕ್ಷರವನ್ನೇ ಬರೆದು ನೋಡಿ. ಅದರಲ್ಲಿ ಎಷ್ಟು ತಿರುವುಗಳಿವೆ, ಒಂದಾದರೂ ಪೂರ್ಣ ವೃತ್ತವೇ? ಬರೆದ ಕೈ ಎಲ್ಲಿ ತಿರುಗಿತು, ಎಲ್ಲಿ ನಿಂತಿತು ಎಂಬುದರ ಗುರುತು ಅದು.

ಎರಡನೆಯ ಕಷ್ಟ, ನಮ್ಮ ಅಕ್ಷರಗಳ ನಡುವಣ ವ್ಯತ್ಯಾಸ ಬಹಳ ಸೂಕ್ಷ್ಮವಾದದ್ದು. 'ದ'ಕ್ಕೂ 'ಧ'ಕ್ಕೂ ಇರುವ ಭೇದ ಬುಡದ ಒಂದು ಸೀಳು. 'ಪ'ಕ್ಕೂ 'ಫ'ಕ್ಕೂ ಅಷ್ಟೇ. 'ರ'ದ ಹೊಟ್ಟೆಯಲ್ಲಿ ಒಂದು ಚುಕ್ಕೆ ಇಟ್ಟರೆ 'ಠ'. 'ಪ'ದ ಒಳಗೆ ಒಂದು ಗೆರೆ ಎಳೆದರೆ 'ಷ'. ಇಷ್ಟು ಸಣ್ಣ ಗುರುತುಗಳ ಮೇಲೆ ಅರ್ಥ ನಿಂತಿರುವ ಲಿಪಿಯನ್ನು ದಪ್ಪ ಮಾಡಹೊರಟರೆ ಮೊದಲು ಸಾಯುವುದು ಆ ಗುರುತುಗಳೇ. ಧನ ದನವಾದುದು ಹೀಗೆ.

ಮೂರನೆಯದು ಎತ್ತರದ ಸಮಸ್ಯೆ. ರೋಮನ್ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರದ ಮನೆಗಳು. ದೇವನಾಗರಿಗೆ ಮೇಲೆ ತಲೆಗೆರೆ ಇದೆ. ಹೆಚ್ಚಿನ ಒತ್ತಕ್ಷರಗಳು ಆ ಗೆರೆಯ ಕೆಳಗೆ ಸಾಲಿನೊಳಗೇ ಕೂಡಿಕೊಳ್ಳುತ್ತವೆ. ಕನ್ನಡದ್ದು ಮೂರು ಅಂತಸ್ತಿನ ಮನೆ. ನಡುವೆ ಅಕ್ಷರದ ಒಡಲು, ಮೇಲೆ ತಲೆಕಟ್ಟು ಅಥವಾ ಗುಡಿಸು, ಕೆಳಗೆ ಒತ್ತು. 'ರಾಷ್ಟ್ರೀಯ' ಎಂದು ಬರೆಯಹೊರಟರೆ 'ಷ'ಕಾರದ ಮೇಲೊಂದು ಗುಡಿಸು, ಕೆಳಗೆ 'ಟ'ವೊತ್ತು, ಅದರ ಜೊತೆಗೆ 'ರ'ವೊತ್ತು. ಎಲ್ಲವನ್ನೂ ಒಂದೇ ದಪ್ಪದಲ್ಲಿ ಬರೆದರೆ ಮಸಿಯ ಮುದ್ದೆಯಾಗುತ್ತದೆ; ಒತ್ತನ್ನು ತೆಳ್ಳಗೆ ಬರೆದರೆ ಅದು ಯಾರದೋ ಮನೆಯ ಮಗುವಿನಂತೆ ಬೇರೆಯಾಗಿ ನಿಲ್ಲುತ್ತದೆ.

ಈ ಎತ್ತರದ ಸಮಸ್ಯೆ ನನ್ನ ಸೇವಾವಧಿಯಲ್ಲಿಯೇ ಕಣ್ಣೆದುರು ಬಂದಿತ್ತು, ಆಗ ನನಗೆ ಅರ್ಥವಾಗಿರಲಿಲ್ಲ. ನಡುವೆ ನಾಲ್ಕು ವರ್ಷ ಕರ್ನಾಟಕದ ಕಚೇರಿಯೊಂದರಲ್ಲಿದ್ದೆ. ಹಿಂದಿಯೇತರ ಪ್ರದೇಶದ ಕೇಂದ್ರ ಕಚೇರಿಗಳ ಫಲಕಗಳಲ್ಲಿ ಪ್ರಾದೇಶಿಕ ಭಾಷೆ ಮೊದಲು, ಹಿಂದಿ ಅನಂತರ, ಇಂಗ್ಲಿಷ್ ಕೊನೆಗೆ ಇರಬೇಕು, ಮೂರರ ಅಕ್ಷರಗಾತ್ರವೂ ಸಮಾನವಾಗಿರಬೇಕು ಎಂಬ ಸೂಚನೆ ಇದೆ. ಹೊಸ ಫಲಕ ಬಂದಾಗ ನಾನು ಅಳತೆಪಟ್ಟಿ ಹಿಡಿದು ನೋಡಿದೆ. ಮೂರೂ ಸಾಲುಗಳು ಒಂಬತ್ತು ಅಂಗುಲ. ಸೂಚನೆ ಪಾಲನೆಯಾಗಿದೆ ಎಂದು ಕಡತದಲ್ಲಿ ಬರೆದು ಸಹಿ ಹಾಕಿದೆ. ಆದರೆ ರಸ್ತೆಯ ಆಚೆಯಿಂದ ನೋಡಿದರೆ ಕನ್ನಡ ಮಾತ್ರ ಕುಗ್ಗಿ ಕಾಣುತ್ತಿತ್ತು. ಏಕೆಂದರೆ ಇಂಗ್ಲಿಷಿನ ಅಕ್ಷರ ಒಂಬತ್ತು ಅಂಗುಲವನ್ನೂ ತಾನೇ ತುಂಬಿಕೊಂಡಿತ್ತು. ಕನ್ನಡದ ಸಾಲಿನಲ್ಲಿ ಮೇಲಿನ ಗುಡಿಸಿನಿಂದ ಕೆಳಗಿನ ಒತ್ತಿನವರೆಗೆ ಸೇರಿಸಿ ಒಂಬತ್ತು. ಅಕ್ಷರದ ಒಡಲಿಗೆ ಉಳಿದದ್ದು ಐದು ಅಂಗುಲಕ್ಕೂ ಕಡಿಮೆ. ಅನ್ಯಾಯ ಮಾಡುವ ಉದ್ದೇಶ ಅಲ್ಲಿ ಯಾರಿಗೂ ಇರಲಿಲ್ಲ. ಅಳತೆ ಸರಿಯಾಗಿತ್ತು, ಅಳೆಯುವ ಕ್ರಮ ತಪ್ಪಾಗಿತ್ತು. ಸಹಿ ನನ್ನದೇ ಆಗಿತ್ತು.

ನಮ್ಮ ಅಕ್ಷರದ ಇತಿಹಾಸದಲ್ಲಿ ಹೊರನಾಡಿಗೆ ಒಂದು ಪಾತ್ರವಿದೆ ಎಂಬುದನ್ನು ಇಲ್ಲಿ ಜ್ಞಾಪಿಸಬೇಕು. ವಿಲಿಯಂ ಕ್ಯಾರಿಯವರ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಬಂಗಾಳದ ಶ್ರೀರಾಂಪುರದಲ್ಲಿ. 1843ರಲ್ಲಿ ಮಂಗಳೂರಿನಲ್ಲಿ ಹೆರ್ಮನ್ ಮೋಗ್ಲಿಂಗರು 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ತಂದರು, ಅವರು ಜರ್ಮನಿಯವರು. ನಮ್ಮ ಲಿಪಿಯನ್ನು ಅಚ್ಚಿಗೆ ಏರಿಸಿದವರಲ್ಲಿ ಕನ್ನಡವನ್ನು ತಾಯಿಯಿಂದ ಕಲಿಯದೆ ಕಷ್ಟಪಟ್ಟು ಕಲಿತವರು ಅನೇಕರಿದ್ದರು.

ಈಗ ನಮ್ಮ ಈ ನಗರದ್ದೇ ಒಂದು ಉದಾಹರಣೆಯನ್ನು ಹೇಳುತ್ತೇನೆ. ಮುಂಬಯಿಯಲ್ಲಿ 'ಏಕ್ ಟೈಪ್' ಎಂಬ ಅಕ್ಷರ ರಚನಕಾರರ ಬಳಗವಿದೆ. ಅವರ 'ಬಾಲೂ' ಎಂಬ ದಪ್ಪನೆಯ, ಮೃದುವಾದ ಅಂಚಿನ ಅಕ್ಷರಶೈಲಿ 2016ರಲ್ಲಿ ಹೊರಬಂದಿತು. ಭಾಲೂ ಎಂದರೆ ಕರಡಿ ತಾನೆ. ಅಕ್ಷರವೂ ಹಾಗೆಯೇ ಮೈತುಂಬಿಕೊಂಡು, ಯಾರನ್ನೂ ಹೆದರಿಸದೆ ನಿಂತಿರುತ್ತದೆ. ಜರ್ಮನರ ಅರ್ಥದಲ್ಲಿ ಇದು ಕೈವಾರದ ಅಕ್ಷರವಲ್ಲ. ಕೈಬರಹದ ಗುಣ ಇದರಲ್ಲಿ ಉಳಿದಿದೆ. ನಮ್ಮ ಲಿಪಿಗೆ ಅದೇ ಒಳ್ಳೆಯದು ಎಂದು ನನ್ನ ಭಾವನೆ.

ನನ್ನ ಮನಸ್ಸನ್ನು ಸೆಳೆದದ್ದು ಅದರ ನಾಮಕರಣ. ಹಲವು ಭಾರತೀಯ ಲಿಪಿಗಳಲ್ಲಿ ಈ ಶೈಲಿಯನ್ನು ರಚಿಸಿ, ಆಯಾ ಭಾಷೆಯಲ್ಲಿ ಸೋದರನನ್ನು ಕರೆಯುವ ಪದವನ್ನೇ ಹೆಸರಾಗಿ ಇಟ್ಟಿದ್ದಾರೆ. ಗುಜರಾತಿಗೆ ಬಾಲೂ ಭಾಯ್, ಬಂಗಾಳಿಗೆ ಬಾಲೂ ದಾ, ಗುರುಮುಖಿಗೆ ಬಾಲೂ ಪಾಜಿ, ಉರ್ದುವಿಗೆ ಬಾಲೂ ಭಾಯಿಜಾನ್, ಒಡಿಯಾಕ್ಕೆ ಬಾಲೂ ಭೈನಾ, ಮಲಯಾಳಕ್ಕೆ ಬಾಲೂ ಚೇಟ್ಟನ್, ತಮಿಳಿಗೆ ಬಾಲೂ ತಂಬಿ, ತೆಲುಗಿಗೆ ಬಾಲೂ ತಮ್ಮುಡು. ಕನ್ನಡಕ್ಕೆ? ಬಾಲೂ ತಮ್ಮ. ಹೊರನಾಡಿನಲ್ಲಿ ಬಾಳುವ ನಮಗೆ ಈ ಹೆಸರಿನ ಸೊಗಸು ಬೇಗ ತಿಳಿಯುತ್ತದೆ. ಒಂದೇ ಮನೆಯಲ್ಲಿ ಒಬ್ಬೊಬ್ಬ ಸೋದರನೂ ತನ್ನ ತನ್ನ ನುಡಿಯಲ್ಲಿ ಕರೆಸಿಕೊಳ್ಳುತ್ತಾನೆ, ಎಲ್ಲರ ಮೈಕಟ್ಟೂ ಸಮ. ಕಡತದಲ್ಲಿ ನಾನು ಅಳತೆಪಟ್ಟಿಯಿಂದ ಸಾಧಿಸಲಾರದೆ ಹೋದ ಸಮಾನತೆಯನ್ನು ಇವರು ಕಣ್ಣಿನಿಂದ ಸಾಧಿಸಿದ್ದಾರೆ.

ಇದನ್ನು ಪಡೆಯಲು ಹಣ ಕೊಡಬೇಕಾಗಿಲ್ಲ. ಮುಕ್ತ ಪರವಾನಗಿಯ ಅಡಿಯಲ್ಲಿ, ಗೂಗಲ್ ಸಂಸ್ಥೆಯ ಫಾಂಟ್ ಸಂಗ್ರಹದ ಮೂಲಕ ಯಾರು ಬೇಕಾದರೂ ಇಳಿಸಿಕೊಂಡು ಬ್ಯಾನರಿಗೆ, ಪುಸ್ತಕದ ಹೊದಿಕೆಗೆ, ಅಂಗಡಿಯ ಫಲಕಕ್ಕೆ ಬಳಸಬಹುದು. ಮೊದಲು ಒಂದೇ ದಪ್ಪದಲ್ಲಿದ್ದುದು, ಮುಂದೆ 'ಬಾಲೂ ತಮ್ಮ 2' ಎಂದು ಐದು ದಪ್ಪಗಳಲ್ಲಿ ಬಂದಿದೆ. ಇದು ಯೂನಿಕೋಡ್ ಕ್ರಮದಲ್ಲಿರುವುದೂ ಮುಖ್ಯ. ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಆದರೂ ಬಹಳ ಕಾಲ ನಾವು ಬೇರೆ ಬೇರೆ ಸಂಕೇತಗಳ ಫಾಂಟುಗಳನ್ನು ಬಳಸಿ, ಒಂದು ಗಣಕದಲ್ಲಿ ಟೈಪು ಮಾಡಿದ್ದು ಇನ್ನೊಂದರಲ್ಲಿ ಅರ್ಥವಿಲ್ಲದ ಗುರುತುಗಳಾಗುವುದನ್ನು ಕಂಡಿದ್ದೇವೆ. ಕನ್ನಡ ಬಾರದ ಅಂಗಡಿಯವನ ಕೈಗೆ ಒಪ್ಪಿಸುವಾಗ ಯೂನಿಕೋಡ್ ಫಾಂಟು ಇದ್ದರೆ ಒತ್ತುಗಳು ಕಳಚಿ ಬೀಳುವ ಭಯ ಬಹುಮಟ್ಟಿಗೆ ಕಡಿಮೆ.

ನಾನು ಮನೆಯಲ್ಲಿ 'ಧನ', 'ದನ', 'ಶ್ರದ್ಧೆ', 'ರಾಷ್ಟ್ರೀಯ' ಎಂಬ ನಾಲ್ಕು ಪದಗಳನ್ನು ಈ ಅಕ್ಷರದಲ್ಲಿ ಮುದ್ರಿಸಿ, ನಮ್ಮ ವಸತಿಗೃಹದ ಕಾರಿಡಾರಿನ ಒಂದು ಕೊನೆಯ ಗೋಡೆಗೆ ಅಂಟಿಸಿ, ಇನ್ನೊಂದು ಕೊನೆಯಲ್ಲಿ ನಿಂತು ನೋಡಿದೆ. ಪಕ್ಕದ ಮನೆಯವರು ಏನೆಂದುಕೊಂಡರೋ ತಿಳಿಯದು. 'ಧ'ದ ಸೀಳು ಕಂಡಿತು. 'ಶ್ರದ್ಧೆ'ಯ ಒತ್ತಿನಲ್ಲಿರುವ ಸೀಳೂ ಕಂಡಿತು. ನನಗೆ ಆದ ಸಮಾಧಾನವನ್ನು ಹೇಳಲಾರೆ.

ಇದೊಂದೇ ಅಕ್ಷರ ಎಲ್ಲಕ್ಕೂ ಸಲ್ಲುತ್ತದೆಂದು ನಾನು ಹೇಳುತ್ತಿಲ್ಲ. ಶ್ರದ್ಧಾಂಜಲಿ ಸಭೆಯ ಬ್ಯಾನರಿಗೆ ಕರಡಿಯ ಮೈ ಒಪ್ಪುವುದಿಲ್ಲ. ನಮ್ಮ ತ್ರೈಮಾಸಿಕದ ಲೇಖನವನ್ನು ಇದರಲ್ಲಿ ಅಚ್ಚು ಹಾಕಿದರೆ ಎರಡನೆಯ ಪುಟಕ್ಕೆ ಕಣ್ಣು ಸೋಲುತ್ತದೆ. ಗಂಭೀರ ಸಂದರ್ಭಕ್ಕೆ ಇದೇ ಬಳಗದವರು 2022ರಲ್ಲಿ ತಂದ 'ಅನೇಕ್ ಕನ್ನಡ' ಇದೆ. ಅದರಲ್ಲಿ ತೆಳುವಿನಿಂದ ದಪ್ಪದವರೆಗೆ ಹಲವು ಶ್ರೇಣಿಗಳಿವೆ. ಯಾವುದು ಎಲ್ಲಿಗೆ ಎಂಬ ವಿವೇಚನೆ ನಮಗಿರಬೇಕು.

ಬಂಧುಗಳೇ, ಇಷ್ಟೆಲ್ಲ ಒಂದು ಸೀಳಿಗಾಗಿಯೇ ಎಂದು ನಿಮಗನಿಸಬಹುದು. ಇನ್ನೊಂದು ಪ್ರಸಂಗವನ್ನು ಹೇಳಬೇಕಾಗಿದೆ. ಇದನ್ನು ಹೇಳುವುದು ನನಗೆ ಸುಲಭವಲ್ಲ.

ನನ್ನ ಮಗಳು ಹುಟ್ಟಿದ್ದು ಚೆನ್ನೈಯಲ್ಲಿ, ಶಾಲೆ ಕಲಿತದ್ದು ದೆಹಲಿಯಲ್ಲಿ. ಮನೆಯಲ್ಲಿ ನಾವು ಕನ್ನಡವಲ್ಲದೆ ಬೇರೆ ಮಾತಾಡಿದವರಲ್ಲ. ಅವಳ ಕನ್ನಡ ಕೇಳಿದರೆ ಹೊರಗೆ ಬೆಳೆದವಳೆಂದು ಯಾರೂ ಹೇಳಲಾರರು. ಅದೇ ನನ್ನ ಹೆಮ್ಮೆಯಾಗಿತ್ತು. ಅವಳು ಕಾಲೇಜಿನಲ್ಲಿದ್ದಾಗ ಒಮ್ಮೆ ಊರಿಗೆ ಒಬ್ಬಳೇ ಹೋದಳು. ಬಸ್‌ನಿಲ್ದಾಣದಲ್ಲಿ ನಿಂತಿದ್ದ ಬಸ್ಸಿನ ಬಳಿ ಹಿರಿಯರೊಬ್ಬರನ್ನು, 'ಈ ಬಸ್ಸು ಎಲ್ಲಿಗೆ ಹೋಗುತ್ತದೆ?' ಎಂದು ಕೇಳಿದಳಂತೆ. ಅವರು ಅವಳ ಮಾತನ್ನು ಕೇಳಿ, ಮುಖವನ್ನು ನೋಡಿ, 'ಬೋರ್ಡು ಅಷ್ಟು ದೊಡ್ಡದಾಗಿ ಬರೆದಿದೆಯಲ್ಲಮ್ಮ, ಕಾಣುವುದಿಲ್ಲವೇ?' ಎಂದರು. ಕಾಣುತ್ತಿತ್ತು. ಓದಲು ಬರುತ್ತಿರಲಿಲ್ಲ. ಅಷ್ಟು ಚೆನ್ನಾಗಿ ಕನ್ನಡ ಆಡುವವಳಿಗೆ ಓದು ಬಾರದೆಂದು ಆ ಹಿರಿಯರು ಊಹಿಸುವುದಾದರೂ ಹೇಗೆ? 'ಅಪ್ಪ, ನನಗೆ ಕನ್ನಡ ಬಾರದೆಂದು ಹೇಳಲು ನನಗೆ ನಾಚಿಕೆಯಾಯಿತು; ಕಣ್ಣು ಸರಿಯಿಲ್ಲವೆಂದು ಹೇಳಿದೆ' ಎಂದು ಫೋನಿನಲ್ಲಿ ಹೇಳಿದಳು. ಆ ನಾಚಿಕೆ ಅವಳದಾಗಬೇಕಾದದ್ದಲ್ಲ.

ಅಂದಿನಿಂದ ನಾನು ಯೋಚಿಸುತ್ತಿದ್ದೇನೆ. ನಾವು ಹೇಗೆ ಓದಲು ಕಲಿತೆವು? ಶಾಲೆಯಲ್ಲಿ ಎಂದು ಹೇಳುತ್ತೇವೆ. ಶಾಲೆ ಅಕ್ಷರ ತೋರಿಸಿತು ನಿಜ. ಆದರೆ ಅಭ್ಯಾಸ ಮಾಡಿಸಿದ್ದು ಬೀದಿ. ಅಂಗಡಿಯ ಹೆಸರು, ಬಸ್ಸಿನ ಫಲಕ, ಸಿನಿಮಾ ಭಿತ್ತಿಪತ್ರ, ಗೋಡೆಯ ಮೇಲಿನ ಸುಣ್ಣದ ಬರಹ, ಇವನ್ನೆಲ್ಲ ಅಕ್ಷರ ಅಕ್ಷರವಾಗಿ ಕೂಡಿಸಿ ಗಟ್ಟಿಯಾಗಿ ಓದುತ್ತ ನಾವು ತಂದೆಯ ಕೈ ಹಿಡಿದು ನಡೆದೆವು. ನಮ್ಮ ಮಕ್ಕಳೂ ಹಾಗೆಯೇ ನಡೆದರು. ಆದರೆ ಅವರ ಬೀದಿಯಲ್ಲಿ ತಮಿಳು ಇತ್ತು, ಹಿಂದಿ ಇತ್ತು, ಮರಾಠಿ ಇದೆ. ಹೊರನಾಡಿನ ಮಗುವಿಗೆ ಕನ್ನಡದ ಮನೆ ಇರುತ್ತದೆ, ಕನ್ನಡದ ಬೀದಿ ಇರುವುದಿಲ್ಲ. ಅದಕ್ಕೇ ಅದು ಕನ್ನಡವನ್ನು ಆಡುತ್ತದೆ, ಓದುವುದಿಲ್ಲ. ಈ ನಗರದಲ್ಲಿ ನಮ್ಮ ಮಕ್ಕಳ ಪಾಲಿಗೆ ಕನ್ನಡದ ಬೀದಿ ಎಂದರೆ ನಮ್ಮ ಸಂಘದ ಮುಂಬಾಗಿಲಿನ ಫಲಕ ಮತ್ತು ವರ್ಷಕ್ಕೆ ಐದಾರು ಬ್ಯಾನರುಗಳು. ಅವುಗಳಲ್ಲಿಯೂ 'ಧ' 'ದ' ಆದರೆ ಮಗು ಇನ್ನೆಲ್ಲಿ ನೋಡಿ ತಿದ್ದಿಕೊಳ್ಳಬೇಕು?

ಇಲ್ಲಿ ಕಾನೂನಿನ ಪ್ರಶ್ನೆಯೂ ಬರುತ್ತದೆ. ಕರ್ನಾಟಕದಲ್ಲಿ 2024ರ ತಿದ್ದುಪಡಿಯಿಂದ ಅಂಗಡಿ ಮುಂಗಟ್ಟುಗಳ ಫಲಕದ ಮೇಲ್ಭಾಗದಲ್ಲಿ ಶೇಕಡಾ 60ರಷ್ಟು ಜಾಗ ಕನ್ನಡಕ್ಕೆ ಇರಬೇಕೆಂದಾಯಿತು. ಮಹಾರಾಷ್ಟ್ರದಲ್ಲಿ 2022ರ ತಿದ್ದುಪಡಿಯಂತೆ ಮರಾಠಿಯ ಅಕ್ಷರ ಬೇರೆ ಭಾಷೆಯದಕ್ಕಿಂತ ಚಿಕ್ಕದಿರಬಾರದು. 2023ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ವ್ಯಾಪಾರಿಗಳಿಗೆ ಮರಾಠಿ ಫಲಕ ಹಾಕಲು ಎರಡು ತಿಂಗಳ ಅವಧಿ ಕೊಟ್ಟಿತು. ಬೆಂಗಳೂರಿನಲ್ಲಿ ಕನ್ನಡ ಫಲಕ ಬೇಕೆಂದು ಹೆಮ್ಮೆಪಡುವ ನಾವು ಇಲ್ಲಿ ಮರಾಠಿ ಫಲಕ ಬರೆಯಿಸುವಾಗ ಗೊಣಗಬಾರದು. ನೆಲದ ನುಡಿಗೆ ಮೊದಲ ಸ್ಥಾನ ಎಂಬುದು ಎರಡೂ ಕಡೆ ಒಂದೇ ನ್ಯಾಯ. ಮರಾಠಿಯನ್ನು ಚೆನ್ನಾಗಿ, ದೊಡ್ಡದಾಗಿ ಬರೆದು, ಅದರ ಕೆಳಗೆ ನಮ್ಮ ಕನ್ನಡವನ್ನೂ ಚೆನ್ನಾಗಿ ಬರೆಯಲು ಯಾರ ಅಡ್ಡಿಯೂ ಇಲ್ಲ.

ಆದರೆ ಕಾನೂನು ಕೊಡುವುದು ಜಾಗವನ್ನು. ಅಕ್ಷರದ ಅಂದವನ್ನೂ ಶುದ್ಧಿಯನ್ನೂ ಅದು ಕೊಡಲಾರದು. ಶೇಕಡಾ 60ರ ಜಾಗದಲ್ಲಿ ಊದಿದ, ಒತ್ತು ತಪ್ಪಿದ ಕನ್ನಡ ಬರೆದರೂ ಕಾನೂನಿಗೆ ಸಮಾಧಾನವೇ. ಅಕ್ಷರಾಭಿಮಾನ ಬರಿಯ ಅಧಿಕಾರದ ಆಸರೆಯಿಂದ ಬೆಳೆದರೆ ಏನಾಗುತ್ತದೆಂಬುದಕ್ಕೂ ಜರ್ಮನಿಯಲ್ಲೇ ನಿದರ್ಶನವಿದೆ. ಫುಟೂರಾವನ್ನು ರಚಿಸಿದ ರೆನ್ನರ್ ನಾಜಿಗಳ ಸಂಸ್ಕೃತಿ ನೀತಿಯನ್ನು ಟೀಕಿಸಿ 1932ರಲ್ಲಿ ಕಿರುಹೊತ್ತಗೆ ಬರೆದರು. 1933ರಲ್ಲಿ ಬಂಧನಕ್ಕೊಳಗಾಗಿ ಹುದ್ದೆ ಕಳೆದುಕೊಂಡರು. ಬೌಹೌಸ್ ಶಾಲೆಯೂ ಅದೇ ವರ್ಷ ಮುಚ್ಚಿತು. ನಾಜಿಗಳು ಹಳೆಯ ಮುರಿಗೆರೆಯ ಅಕ್ಷರವನ್ನು ಜರ್ಮನ್ ಜನಾಂಗದ ಅಕ್ಷರವೆಂದು ಮೆರೆಸಿದರು. 1941ರ ಜನವರಿಯಲ್ಲಿ ಅದೇ ಆಡಳಿತ ಅದೇ ಅಕ್ಷರವನ್ನು ಯಹೂದಿಗಳದ್ದೆಂದು ಕರೆದು ಸುತ್ತೋಲೆಯ ಮೂಲಕ ಕೈಬಿಟ್ಟಿತು. ಆಜ್ಞೆಯಿಂದ ಬಂದ ಅಭಿಮಾನ ಆಜ್ಞೆಯಿಂದಲೇ ಹೋಯಿತು. ಬರೆಯುವವರ, ಓದುವವರ ಕಾಳಜಿಯಿಂದ ಬಂದದ್ದು ಮಾತ್ರ ಉಳಿಯುತ್ತದೆ.

ಕೊನೆಯದಾಗಿ ಮೂರು ಸಲಹೆಗಳನ್ನು ಕಾರ್ಯಕಾರಿ ಸಮಿತಿಯ ಮುಂದಿಡುತ್ತೇನೆ. ಒಂದು: ನಮ್ಮ ಸಂಘದ ಮುಂಬಾಗಿಲಿನ ಫಲಕವನ್ನು ಹೊಸದಾಗಿ ಬರೆಯಿಸೋಣ. ಮರಾಠಿ ಮೇಲಿರಲಿ, ಕನ್ನಡ ಅದರ ಸಮಕ್ಕೆ ಕಾಣಲಿ; ಅಳೆಯುವಾಗ ಒತ್ತಿನಿಂದ ಗುಡಿಸಿನವರೆಗೆ ಅಳೆಯದೆ ಅಕ್ಷರದ ಒಡಲನ್ನು ಅಳೆಯೋಣ. ಎರಡು: ಯಾವ ಬ್ಯಾನರೂ ಮುದ್ರಣಕ್ಕೆ ಹೋಗುವ ಮೊದಲು ಅದನ್ನು ಒಂದು ಹಾಳೆಯಲ್ಲಿ ಅಚ್ಚು ತೆಗೆದು, ಕನ್ನಡ ಬಲ್ಲ ಒಬ್ಬರು ಇಪ್ಪತ್ತು ಹೆಜ್ಜೆ ದೂರ ನಿಂತು ಓದಿ ಸಹಿ ಮಾಡಲಿ. ಮೊಬೈಲಿನಲ್ಲಿ ನೋಡಿ ಒಪ್ಪಿಗೆ ಕೊಡುವುದು ನನ್ನೊಂದಿಗೇ ಮುಗಿಯಲಿ. ಮೂರು: ನಮ್ಮ ಭಾನುವಾರದ ಕನ್ನಡ ತರಗತಿಯ ಮಕ್ಕಳ ಕೈಯಲ್ಲಿ ಅವರವರ ಮನೆಯ ಹೆಸರನ್ನು ಇಂತಹ ದಪ್ಪ ದುಂಡಕ್ಷರದಲ್ಲಿ ಕತ್ತರಿಸಿ ಬಾಗಿಲಿಗೆ ಅಂಟಿಸುವಂತೆ ಮಾಡೋಣ. ಒಂದು ಕಟ್ಟಡದಲ್ಲಿ ನಾಲ್ಕು ಬಾಗಿಲುಗಳ ಮೇಲೆ ಕನ್ನಡ ಬಂದರೆ ಆ ಮಗುವಿಗೆ ಅಷ್ಟರಮಟ್ಟಿಗೆ ಒಂದು ಬೀದಿಯಾಗುತ್ತದೆ.

ನನ್ನ ಹಿಂದೆ ಕಟ್ಟಿರುವ ಬ್ಯಾನರನ್ನು ತಾವು ಗಮನಿಸಿರಬಹುದು. 'ವಾರ್ಷಿಕೋತ್ಸವ ಮತ್ತು ವಿದ್ಯಾರ್ಥಿ ಧನಸಹಾಯ' ಎಂದಿದೆ. ಅಕ್ಷರ ಬಾಲೂ ತಮ್ಮನದು. ಅದನ್ನು ಟೈಪು ಮಾಡಿದವಳು, ಒಂದು ಹಾಳೆಯಲ್ಲಿ ಮುದ್ರಿಸಿ ಗೋಡೆಗೆ ಹಚ್ಚಿ ದೂರ ನಿಂತು ಓದಿದವಳು ನನ್ನ ಮಗಳು. ನನ್ನ ಸಹಿಯನ್ನು ಅವಳು ಕೇಳಲಿಲ್ಲ.

ಕೊನೆಯ ಸಾಲಿನಲ್ಲಿ ಕುಳಿತಿರುವವರಲ್ಲಿ ನನ್ನದೊಂದು ವಿನಂತಿ. ಆ 'ಧ'ದ ಸೀಳು ಅಲ್ಲಿಗೆ ಕಾಣುತ್ತಿದೆಯೇ ಎಂದು ಸಭೆ ಮುಗಿದ ಬಳಿಕ ದಯವಿಟ್ಟು ತಿಳಿಸಿ. ಕಾಣದಿದ್ದರೆ ತಪ್ಪು ತಮ್ಮ ಕಣ್ಣಿನದಲ್ಲ, ನಮ್ಮದು. ಮುಂದಿನ ವರ್ಷ ತಿದ್ದಿಕೊಳ್ಳುತ್ತೇವೆ.